ನೆರೆಯವರಿಗೆ ಕೊಡೋಣ, ಆದರೆ ಯಾರ ಕಣಜದಿಂದ?

ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಸಮೀಪ ಹುಟ್ಟುವ ಕಾಳಿ ನದಿಯು ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳನ್ನು ಹಾದು, ಸುಮಾರು 184 ಕಿ.ಮೀ. ಹರಿದು ಕಾರವಾರದ ಕೋಡಿಬಾಗದಲ್ಲಿ ಸಮುದ್ರವನ್ನು ಸೇರುತ್ತದೆ. ಘಟ್ಟದ ಮೇಲೆ ಬಿದ್ದ ಮಳೆ ಅಲ್ಲಿಗೆ ತಲುಪಿದ ಮೇಲೆ ಅದು ನಮ್ಮದಾಗಿ ಉಳಿಯುವುದಿಲ್ಲ. ಮುಂದೆ ಅರಬ್ಬಿ ಸಮುದ್ರ, ಅದರಾಚೆಗೆ ಮಾಲ್ದೀವ್ಸ್, ಸೆಶೆಲ್ಸ್, ಮಾರಿಷಸ್, ಆಫ್ರಿಕಾದ ಪೂರ್ವ ತೀರ. ಕೋಡಿಬಾಗದಿಂದ ದಕ್ಷಿಣಕ್ಕೆ, ಕಾರವಾರ ಪಟ್ಟಣವನ್ನು ದಾಟಿದರೆ ಬಿಣಗಾ, ಅರಗಾ ಮತ್ತು ಕದಂಬ ನೌಕಾನೆಲೆ.

2025ರ ಏಪ್ರಿಲ್ 5ರಂದು ಈ ನೆಲೆಯಿಂದ ‘ಸುನಯನಾ’ ಎಂಬ ನೌಕೆ ಹೊರಟಿತು. ಭಾರತೀಯ ನಾವಿಕರ ಜೊತೆಗೆ ಶ್ರೀಲಂಕಾ, ಮಾಲ್ದೀವ್ಸ್, ಕೀನ್ಯಾ, ತಾಂಜಾನಿಯಾ ಮೊದಲಾದ 9 ದೇಶಗಳ 44 ಮಂದಿ ನೌಕಾ ಸಿಬ್ಬಂದಿ ಅದರಲ್ಲಿದ್ದರು. ಹಿಂದೂ ಮಹಾಸಾಗರದ ರಾಷ್ಟ್ರಗಳೊಡನೆ ಕೂಡಿ ಸಮುದ್ರವನ್ನು ಕಾಯುತ್ತೇವೆ ಎಂಬುದು ಆ ಯಾತ್ರೆಯ ಸಂದೇಶ. ನೆರೆಯವರನ್ನು ಹೆದರಿಸದೆ, ಜೊತೆಗೆ ಕರೆದೊಯ್ಯುವ ಈ ನಡೆ ಸ್ವಾಗತಾರ್ಹವೇ ಸರಿ. ಆದರೆ ಭಾರತವು ಬೆಳೆಯುತ್ತಿರುವ ಶಕ್ತಿಯಾಗಿ ನೆರೆಯ ರಾಷ್ಟ್ರಗಳೊಡನೆ ಹೇಗೆ ವರ್ತಿಸಬೇಕು ಎಂಬ ಪ್ರಶ್ನೆಯನ್ನು ದೆಹಲಿಯ ಪಂಡಿತರಿಗೆ ಮಾತ್ರ ಬಿಟ್ಟುಕೊಡಲು ನಮಗೆ ಸಾಧ್ಯವಿಲ್ಲ. ಆ ವರ್ತನೆಯ ಬೆಲೆಯಲ್ಲಿ ಒಂದು ಪಾಲನ್ನು ಈ ಜಿಲ್ಲೆಯ ಕರಾವಳಿಯ ನೆಲವೂ ಮಲೆನಾಡಿನ ತೋಟಗಳೂ ತೆತ್ತಿವೆ.

ದೊಡ್ಡವನೇ ಮೊದಲು ಕೊಡಬೇಕು

ಹಳ್ಳದ ನೀರನ್ನು ನೆಚ್ಚಿಕೊಂಡ ಯಾವ ಊರಿನವರಿಗಾದರೂ ಒಂದು ಮಾತು ತಿಳಿದೇ ಇರುತ್ತದೆ. ಮೇಲಿನ ತೋಟದವನು ಒಡ್ಡು ಹಾಕಿದರೆ ಕೆಳಗಿನ ತೋಟ ಒಣಗುತ್ತದೆ. ಮೇಲಿನವನಿಗೆ ಹಾಗೆ ಮಾಡುವ ಶಕ್ತಿ ಇದೆ. ಅದನ್ನು ಬಳಸದೆ ಪಾಳಿಗೆ ಒಪ್ಪಿಕೊಳ್ಳುವುದರಿಂದಲೇ ಊರು ಊರಾಗಿ ಉಳಿಯುತ್ತದೆ. ರಾಷ್ಟ್ರಗಳ ನಡುವೆಯೂ ಇದಕ್ಕೆ ಭಿನ್ನವಾದ ಧರ್ಮವಿಲ್ಲ.

1975ರಲ್ಲಿ ಫರಕ್ಕಾ ಬ್ಯಾರೇಜು ಕಾರ್ಯಾರಂಭ ಮಾಡಿದಾಗಿನಿಂದ ಗಂಗೆಯ ನೀರು ಭಾರತ ಮತ್ತು ಬಾಂಗ್ಲಾದೇಶಗಳ ನಡುವೆ ಕಹಿಯ ಮೂಲವಾಗಿತ್ತು. 1996ರ ಡಿಸೆಂಬರ್ 12ರಂದು, ಕರ್ನಾಟಕದ ರೈತ ಕುಟುಂಬದಿಂದ ಬಂದು ಪ್ರಧಾನಿಯಾಗಿದ್ದ ಎಚ್.ಡಿ. ದೇವೇಗೌಡರು ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಅವರೊಡನೆ 30 ವರ್ಷಗಳ ಅವಧಿಯ ಒಪ್ಪಂದಕ್ಕೆ ಸಹಿ ಹಾಕಿದರು. ಜನವರಿಯಿಂದ ಮೇ ಅಂತ್ಯದವರೆಗಿನ ಬೇಸಿಗೆಯನ್ನು ಹತ್ತು ಹತ್ತು ದಿನಗಳ ಪಾಳಿಗಳಾಗಿ ವಿಂಗಡಿಸಲಾಯಿತು. ಫರಕ್ಕಾದಲ್ಲಿ ಹರಿವು 70,000 ಕ್ಯೂಸೆಕ್ಸ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇಬ್ಬರಿಗೂ ಸಮಪಾಲು. 70,000ದಿಂದ 75,000ದವರೆಗೆ ಇದ್ದರೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ. ಅದಕ್ಕೂ ಹೆಚ್ಚಿದ್ದರೆ ಭಾರತಕ್ಕೆ 40,000, ಉಳಿದದ್ದೆಲ್ಲ ಬಾಂಗ್ಲಾದೇಶಕ್ಕೆ. ನೋಡಿದರೆ ನಮ್ಮ ತೋಟಗಳ ನೀರಿನ ಪಾಳಿಯದೇ ದೊಡ್ಡ ರೂಪ.

ಆಗ ವಿದೇಶಾಂಗ ಸಚಿವರಾಗಿದ್ದ ಐ.ಕೆ. ಗುಜ್ರಾಲರು ಮುಂದಿಟ್ಟ ತತ್ತ್ವವೂ ಇದೇ ಆಗಿತ್ತು. ನೇಪಾಳ, ಬಾಂಗ್ಲಾದೇಶ, ಭೂತಾನ, ಮಾಲ್ದೀವ್ಸ್, ಶ್ರೀಲಂಕಾಗಳಂಥ ಚಿಕ್ಕ ನೆರೆಯವರೊಡನೆ ಭಾರತವು ‘ನೀನು ಕೊಟ್ಟರೆ ನಾನು ಕೊಡುವೆ’ ಎಂಬ ವ್ಯಾಪಾರಕ್ಕೆ ಇಳಿಯಬಾರದು. ಸದ್ಭಾವನೆಯಿಂದ ತನ್ನ ಕೈಲಾದುದನ್ನು ತಾನೇ ಮೊದಲು ಕೊಡಬೇಕು.

ಗಂಗೆಯ ಒಪ್ಪಂದದ ಹಿಂದೆ ಇನ್ನೊಂದು ಸಂಗತಿಯಿದೆ. ಬೇಸಿಗೆಯ ನೀರಿನಲ್ಲಿ ಪಾಲು ಬಿಟ್ಟುಕೊಡಬೇಕಾಗಿದ್ದ ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಆ ಮಾತುಕತೆಯಲ್ಲಿ ಮುಖ್ಯ ಪಾತ್ರ ವಹಿಸಿದ್ದರು. 2011ರಲ್ಲಿ ತೀಸ್ತಾ ನದಿಯ ಒಪ್ಪಂದವು ಸಹಿಯ ಹಂತಕ್ಕೆ ಬಂದಾಗ ಅದೇ ರಾಜ್ಯದ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ, ಉತ್ತರ ಬಂಗಾಳಕ್ಕೆ ನೀರು ಸಾಲದೆಂದು ಹಿಂದೆ ಸರಿದರು. ಒಪ್ಪಂದ ಅಲ್ಲಿಯೇ ನಿಂತಿತು. ಕೊಡಬೇಕಾದವನನ್ನು ಒಪ್ಪಿಸಿ ಕೊಟ್ಟದ್ದು ಉಳಿಯಿತು. ಅವನ ಒಪ್ಪಿಗೆಯಿಲ್ಲದೆ ಕೊಡಲು ಹೊರಟದ್ದು ಕೈಗೂಡಲಿಲ್ಲ. ಈ ಲೇಖನದ ಮುಖ್ಯ ವಿಚಾರವೂ ಇದೇ.

ಬಾಗಿಲು ಮುಚ್ಚಿದಾಗ

ಕೊಡುವ ಬದಲು ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ನೇಪಾಳವೇ ಸಾಕ್ಷಿ. 2015ರ ಏಪ್ರಿಲ್ ತಿಂಗಳ ಭೂಕಂಪದಲ್ಲಿ ಭಾರತದ ನೆರವು ಗಂಟೆಗಳೊಳಗೆ ಅಲ್ಲಿಗೆ ತಲುಪಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನೇಪಾಳವು ಹೊಸ ಸಂವಿಧಾನವನ್ನು ಅಂಗೀಕರಿಸಿತು. ಮಧೇಶಿಗಳ ಅಸಮಾಧಾನವನ್ನು ಭಾರತ ಎತ್ತಿಹಿಡಿಯಿತು. ಗಡಿಯಲ್ಲಿ ತಿಂಗಳುಗಟ್ಟಲೆ ಲಾರಿಗಳು ನಿಂತವು. ಇದು ಪ್ರತಿಭಟನೆಯ ಫಲವೇ ಹೊರತು ತಾನು ವಿಧಿಸಿದ ದಿಗ್ಬಂಧನವಲ್ಲವೆಂದು ಭಾರತ ಸರ್ಕಾರ ಹೇಳಿತು. ಆದರೆ ಅಡುಗೆ ಅನಿಲವೂ ಔಷಧಿಯೂ ಸಿಗದೆ ಚಳಿಗಾಲ ಕಳೆದ ಕಾಠ್ಮಂಡುವಿನ ಜನ ಅದನ್ನು ನಂಬಲಿಲ್ಲ. 2016ರ ಮಾರ್ಚ್‌ನಲ್ಲಿ ನೇಪಾಳ ಚೀನಾದೊಡನೆ ಸಾಗಣೆ ಒಪ್ಪಂದ ಮಾಡಿಕೊಂಡಿತು. ಏಪ್ರಿಲ್‌ನಲ್ಲಿ ಗಳಿಸಿದ್ದನ್ನು ನಾವು ಡಿಸೆಂಬರ್ ವೇಳೆಗೆ ಕಳೆದುಕೊಂಡಿದ್ದೆವು.

ಗಡಿಯಲ್ಲಿ ಗಾಡಿ ನಿಲ್ಲುವುದರ ಸಂಕಟ ಕಾರವಾರದ ಜನರಿಗೆ ಹೊಸತಲ್ಲ. 2018ರಲ್ಲಿ ಮೀನಿಗೆ ಫಾರ್ಮಾಲಿನ್ ಬೆರೆಸುತ್ತಾರೆಂಬ ಗದ್ದಲವೆದ್ದಾಗ ಗೋವಾ ಸರ್ಕಾರವು ಹೊರರಾಜ್ಯಗಳ ಮೀನಿಗೆ ನಿರ್ಬಂಧ ಹೇರಿತು. ಕೂಗಳತೆಯ ದೂರದ ಕಾರವಾರದ ಮೀನಿಗೂ ಅದೇ ನಿಯಮ. ತಪ್ಪು ಎಲ್ಲಿಯದೋ, ಏಟು ಇಲ್ಲಿಯ ಮೀನುಗಾರರಿಗೆ. ಗೋವಾ ನಮಗಿಂತ ದೊಡ್ಡ ರಾಜ್ಯವೇನಲ್ಲ. ಆದರೂ ಬಾಗಿಲು ಯಾರ ಕೈಯಲ್ಲಿದೆಯೋ ಆ ಹೊತ್ತಿಗೆ ಅವರೇ ದೊಡ್ಡವರು. ಆಗ ನಮಗಾದ ನೋವನ್ನು ನೆನೆದರೆ ನೇಪಾಳದವರ ಮನಸ್ಸು ಅರ್ಥವಾಗಲು ಕಷ್ಟವಿಲ್ಲ.

ಚಿಕ್ಕ ನೆರೆಯವನಾಗಿ ಬಾಳುವುದು ಈ ಸೀಮೆಯ ಚರಿತ್ರೆಯಲ್ಲಿಯೂ ಇದೆ. ಕೋಡಿಬಾಗದ ಎದುರಿಗೆ, ಕಾಳಿಯ ಆಚೆ ದಡದ ಗುಡ್ಡದ ಮೇಲಿರುವ ಸದಾಶಿವಗಡ ಕೋಟೆಯನ್ನು ಕಟ್ಟಿಸಿದವರು ಘಟ್ಟದ ಮೇಲಿನ ಸೋಂದೆಯ ಅರಸರು. ಪೋರ್ಚುಗೀಸರು, ಮರಾಠರು, ಹೈದರಾಲಿ ಹೀಗೆ ತಮಗಿಂತ ಬಲಾಢ್ಯರ ನಡುವೆ ಒಬ್ಬರನ್ನು ಓಲೈಸಿ, ಇನ್ನೊಬ್ಬರಿಗೆ ಕಪ್ಪ ತೆತ್ತು ಅವರು ಬಾಳಿದರು. 1760ರ ದಶಕದಲ್ಲಿ ಹೈದರನ ಸೈನ್ಯ ಬಂದಾಗ ಸೋಂದೆಯ ಅರಸನು ಗೋವೆಯಲ್ಲಿ ಆಶ್ರಯ ಪಡೆಯಬೇಕಾಯಿತು. ಚಿಕ್ಕವರು ಒಬ್ಬ ಬಲಾಢ್ಯನಿಗೆ ಹೆದರಿದಾಗ ಇನ್ನೊಬ್ಬನ ಬಾಗಿಲು ತಟ್ಟುತ್ತಾರೆ. ಇಂದು ನೇಪಾಳವೋ ಮಾಲ್ದೀವ್ಸೋ ಚೀನಾದ ಕಡೆಗೆ ನೋಡಿದರೆ ಅದನ್ನು ಕೃತಘ್ನತೆಯೆಂದು ಬಗೆಯುವ ಮೊದಲು ಇದನ್ನು ನೆನೆಯುವುದು ಒಳಿತು.

ಎಲ್ಲ ನೆರೆಯವರೂ ಒಂದೇ ಅಲ್ಲ ಎಂಬ ಆಕ್ಷೇಪ ಬರಬಹುದು. ಅದು ನಿಜ. ಪಹಲ್ಗಾಮ್ ಹತ್ಯಾಕಾಂಡದ ನಂತರ 2025ರ ಏಪ್ರಿಲ್‌ನಲ್ಲಿ ಭಾರತವು 1960ರ ಸಿಂಧೂ ಜಲ ಒಪ್ಪಂದವನ್ನು ಅಮಾನತಿನಲ್ಲಿಟ್ಟದ್ದರ ಹಿಂದೆ ದಶಕಗಳ ರಕ್ತಪಾತದ ಕಥೆಯಿದೆ. ಗುಜ್ರಾಲರೂ ತಮ್ಮ ಪಟ್ಟಿಯಲ್ಲಿ ಪಾಕಿಸ್ತಾನವನ್ನು ಸೇರಿಸಿರಲಿಲ್ಲ. ಬಂದೂಕು ಹಿಡಿದು ಬರುವವನಿಗೂ, ನಮ್ಮ ದಾರಿಯನ್ನೇ ನೆಚ್ಚಿ ಬದುಕುವವನಿಗೂ ಒಂದೇ ಅಳತೆಗೋಲು ಸಲ್ಲದು. ಆದರೆ ಒಬ್ಬನ ಮೇಲಿನ ರೋಷವನ್ನು ಎಲ್ಲರ ಮೇಲೂ ತೋರುವುದು ವಿವೇಕವಲ್ಲ.

ಅಡಿಕೆಯ ಲೆಕ್ಕ

ಈಗ ನಮ್ಮ ತೋಟದ ವಿಷಯಕ್ಕೆ ಬರೋಣ. ವಿದೇಶದ ಅಗ್ಗದ ಅಡಿಕೆ ಒಳನುಗ್ಗದಂತೆ ಕೇಂದ್ರ ಸರ್ಕಾರವು ಕನಿಷ್ಠ ಆಮದು ಬೆಲೆಯನ್ನು ನಿಗದಿಪಡಿಸಿದೆ. ಕಿಲೋಗೆ 251 ರೂಪಾಯಿ ಇದ್ದ ಈ ಬೆಲೆಯನ್ನು 2023ರ ಫೆಬ್ರವರಿಯಲ್ಲಿ 351 ರೂಪಾಯಿಗೆ ಏರಿಸಲಾಯಿತು. ಇದಕ್ಕೆ ಮುಂಚೆ, 2022ರ ಸೆಪ್ಟೆಂಬರಿನಲ್ಲಿ, ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಈ ಷರತ್ತಿಲ್ಲದೆ ತರಿಸಿಕೊಳ್ಳಲು ಅನುಮತಿ ನೀಡಲಾಗಿತ್ತು. ಮಲೆನಾಡು, ಕರಾವಳಿಗಳಲ್ಲಿ ತೀವ್ರ ಪ್ರತಿಭಟನೆ ವ್ಯಕ್ತವಾಯಿತು.

ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ಈ ಅಂಕಿಯನ್ನು ತೂಗಿ ನೋಡುವುದು ನನ್ನ ಕರ್ತವ್ಯ. ಹಸಿ ಅಡಿಕೆಯನ್ನು ಒಣಗಿಸಿ ಸುಲಿದಾಗ ಉಳಿಯುವುದು ಹೆಚ್ಚೆಂದರೆ ಐದನೆಯ ಒಂದು ಭಾಗದಷ್ಟು. ಅಂದರೆ 17,000 ಟನ್ ಹಸಿ ಅಡಿಕೆಯೆಂದರೆ ಮೂರೂವರೆ ಸಾವಿರ ಟನ್ನಿಗೂ ಕಡಿಮೆ ಒಣ ಅಡಿಕೆ. ದೇಶದ ವಾರ್ಷಿಕ ಉತ್ಪಾದನೆ ಹತ್ತು ಲಕ್ಷ ಟನ್ನಿಗೂ ಮೀರಿದ್ದು. ಭೂತಾನದ ಪಾಲು ಅದರಲ್ಲಿ ನೂರಕ್ಕೆ ಅರ್ಧದಷ್ಟೂ ಆಗದು. ಇಷ್ಟರಿಂದಲೇ ನಮ್ಮ ತೋಟ ಮುಳುಗಿತು ಎನ್ನುವುದು ಕಡ್ಡಿಯನ್ನು ಗುಡ್ಡ ಮಾಡಿದಂತೆ. ಭೂತಾನದ ದಕ್ಷಿಣದ ಬೆಟ್ಟಗಳಲ್ಲಿ ಅಡಿಕೆ ಬೆಳೆಯುವವನೂ ನಮ್ಮಂತೆಯೇ ಸಣ್ಣ ಹಿಡುವಳಿಯ ರೈತ. ಅವನಿಗೆ ಭಾರತವನ್ನು ಬಿಟ್ಟರೆ ಬೇರೆ ಪೇಟೆ ದೂರ. ಅವನು ನಮ್ಮ ಶತ್ರುವಲ್ಲ.

ಆದರೆ ಬೆಳೆಗಾರನ ಆತಂಕ ಸುಳ್ಳಲ್ಲ. ಅವನು ಹೆದರುವುದು ಭೂತಾನದ ಅಡಿಕೆಗಲ್ಲ, ಭೂತಾನದ ಹೆಸರಿನಲ್ಲಿ ಬರಬಹುದಾದ ಬೇರೆ ದೇಶದ ಅಡಿಕೆಗೆ. ಕಾಳುಮೆಣಸಿನಲ್ಲಿ ಈ ಪಾಠವನ್ನು ಅವನು ಕಲಿತಿದ್ದಾನೆ. 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದ ಲಾಭ ಪಡೆದು ವಿಯೆಟ್ನಾಮಿನ ಮೆಣಸು ಶ್ರೀಲಂಕಾದ ಮುದ್ರೆ ಹೊತ್ತು ಬರುತ್ತಿದೆ ಎಂದು ಕೊಡಗು, ಮಲೆನಾಡುಗಳ ಬೆಳೆಗಾರರು ವರ್ಷಗಟ್ಟಲೆ ದೂರಿದರು. 2017ರ ಡಿಸೆಂಬರಿನಲ್ಲಿ ಕಾಳುಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಬಂದಿತು. ಅಷ್ಟು ಹೊತ್ತಿಗೆ ದರ ಕುಸಿದು ಎಷ್ಟೋ ಮಂದಿ ಕೈಸುಟ್ಟುಕೊಂಡಾಗಿತ್ತು. ಶ್ರೀಲಂಕಾದ ರೈತನಿಗೆಂದು ತೆರೆದ ಬಾಗಿಲಿನಲ್ಲಿ ವ್ಯಾಪಾರಿ ನುಸುಳಿದ. ನಷ್ಟ ಮಾತ್ರ ಬಳ್ಳಿ ಹಬ್ಬಿಸಿದವನದು.

ಇದೇ ನೀತಿಯ ಇನ್ನೊಂದು ಮುಖವನ್ನೂ ನೋಡಬೇಕು. 2019ರ ಸೆಪ್ಟೆಂಬರಿನಲ್ಲಿ ಭಾರತವು ಈರುಳ್ಳಿ ರಫ್ತನ್ನು ಹಠಾತ್ತನೆ ನಿಷೇಧಿಸಿದಾಗ ಬಾಂಗ್ಲಾದೇಶದ ಪ್ರಧಾನಿ ಮುಂದಿನ ತಿಂಗಳೇ ದೆಹಲಿಯಲ್ಲಿ ಬಹಿರಂಗವಾಗಿ ಬೇಸರ ತೋಡಿಕೊಂಡರು. ಮುನ್ಸೂಚನೆಯನ್ನಾದರೂ ಕೊಡಬಹುದಿತ್ತು ಎಂಬುದು ಅವರ ಮಾತಿನ ಸಾರ. ಅತ್ತ ಢಾಕಾದ ಗೃಹಿಣಿಗೂ ಸಂಕಷ್ಟ, ಇತ್ತ ಒಳ್ಳೆಯ ಬೆಲೆ ತಪ್ಪಿದ ನಮ್ಮ ಈರುಳ್ಳಿ ರೈತನಿಗೂ ಸಂಕಷ್ಟ. ಕೊಡುವಾಗಲೂ ರೈತನನ್ನು ಕೇಳಲಿಲ್ಲ, ತಡೆಯುವಾಗಲೂ ಕೇಳಲಿಲ್ಲ.

ಕೊಟ್ಟವರ ಹೆಸರು ಎಲ್ಲಿ?

ಮತ್ತೆ ಕಾರವಾರದ ತೀರಕ್ಕೆ ಬರೋಣ. ಕದಂಬ ನೌಕಾನೆಲೆಯ ಸೀಬರ್ಡ್ ಯೋಜನೆಗೆ 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಶಿಲಾನ್ಯಾಸ ಮಾಡಿದರು. 2005ರ ಮೇ 31ರಂದು ನೆಲೆ ಕಾರ್ಯಾರಂಭ ಮಾಡಿತು. ಇದಕ್ಕಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ ಸುಮಾರು 11 ಸಾವಿರ ಎಕರೆ ನೆಲ ಹೋಯಿತು. ಸಾವಿರಾರು ಕುಟುಂಬಗಳು ಗದ್ದೆ, ತೆಂಗಿನ ತೋಟ, ದೋಣಿ ಎಳೆಯುವ ಕಡಲತಡಿಗಳನ್ನು ಬಿಟ್ಟು ಎದ್ದವು. ನ್ಯಾಯವಾದ ಪರಿಹಾರಕ್ಕಾಗಿ ಅವರು ದಶಕಗಳ ಕಾಲ ನ್ಯಾಯಾಲಯಗಳ ಮೆಟ್ಟಿಲು ಹತ್ತಿದರು; ಹಣ ಬರುವ ಮುನ್ನವೇ ಎಷ್ಟೋ ಹಿರಿಯರು ತೀರಿಹೋದರು. ದೇಶದ ನೌಕಾಬಲದ ತಳಪಾಯದಲ್ಲಿ ಈ ಜನರ ನೆಲವಿದೆ. ಮಿತ್ರರಾಷ್ಟ್ರಗಳ ನಾವಿಕರನ್ನು ಅದೇ ತೀರದಿಂದ ಗೌರವದಿಂದ ಬೀಳ್ಕೊಡುವ ದೇಶಕ್ಕೆ, ಆ ತೀರವನ್ನು ಬಿಟ್ಟುಕೊಟ್ಟವರಿಗೂ ಅದೇ ಗೌರವವನ್ನು ಸಲ್ಲಿಸುವುದು ಭಾರವಾಗಬಾರದಿತ್ತು.

‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂಬ ಗಾದೆ ನಮ್ಮಲ್ಲಿದೆ. ಇದರ ಅರ್ಥ ಊರಿಗೆ ಉಪಕಾರ ಮಾಡಬೇಡ ಎಂದಲ್ಲ. ಮನೆಯ ಒಬ್ಬನ ತಟ್ಟೆಯಿಂದ ಕಿತ್ತು ಕೊಡುವುದು ದಾನವೆನಿಸದು ಎಂದರ್ಥ. ಕೊಡಬೇಕಾದದ್ದನ್ನು ಇಡೀ ಮನೆಯ ಕಣಜದಿಂದ ಕೊಡಬೇಕು.

ಆದ್ದರಿಂದ ನಮ್ಮ ಒತ್ತಾಯ ನೆರೆಯವರಿಗೆ ಬಾಗಿಲು ಮುಚ್ಚಿರೆಂದು ಆಗಬಾರದು. ಮೊದಲನೆಯದಾಗಿ, ಯಾವ ಬೆಳೆಯ ಬಗೆಗೆ ನೆರೆರಾಷ್ಟ್ರಕ್ಕೆ ರಿಯಾಯಿತಿ ನೀಡಲಾಗುತ್ತದೆಯೋ ಆ ಬೆಳೆಗಾರರ ಸಹಕಾರ ಸಂಘಗಳನ್ನೂ ರಾಜ್ಯ ಸರ್ಕಾರವನ್ನೂ ಮುಂಚಿತವಾಗಿ ಕೇಳಬೇಕು. ಎರಡನೆಯದಾಗಿ, ಬಂದ ಸರಕು ನಿಜಕ್ಕೂ ಆ ದೇಶದಲ್ಲಿಯೇ ಬೆಳೆದದ್ದೇ ಎಂಬುದನ್ನು ಗಡಿಯಲ್ಲಿ ಕಾಗದ ನೋಡಿ ಮಾತ್ರವಲ್ಲ, ಸರಕನ್ನೇ ಪರೀಕ್ಷಿಸಿ ದೃಢಪಡಿಸಬೇಕು. ಬೀಜ, ಗಾತ್ರ, ತೇವಾಂಶಗಳನ್ನು ಬಲ್ಲವರು ನಮ್ಮ ಸಂಶೋಧನಾ ಕೇಂದ್ರಗಳಲ್ಲಿದ್ದಾರೆ. ಮೂರನೆಯದಾಗಿ, ರಿಯಾಯಿತಿಯಿಂದ ದರ ಕುಸಿದರೆ ಆ ನಷ್ಟವನ್ನು ರಾಷ್ಟ್ರದ ಖಜಾನೆ ತುಂಬಬೇಕು. ಔದಾರ್ಯ ರಾಷ್ಟ್ರದ್ದಾದರೆ ಅದರ ಖರ್ಚೂ ರಾಷ್ಟ್ರದ್ದೇ ಆಗಬೇಕಲ್ಲವೆ?

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಗಂಗೆಯ ಒಪ್ಪಂದ, ಶ್ರೀಲಂಕಾದೊಡನೆಯ ವ್ಯಾಪಾರ ಒಪ್ಪಂದ ಇವೆಲ್ಲ ಸಾರ್ವಜನಿಕ ದಾಖಲೆಗಳು. ಅವುಗಳನ್ನು ಓದಿ, ಮನೆಯಲ್ಲಿ ಅಡಿಕೆ ಸುಲಿಯುವ ಹಿರಿಯರಿಗೆ ಕನ್ನಡದಲ್ಲಿ ತಿಳಿಸಿ ಹೇಳಿ. ಗ್ರಾಮಸಭೆಯಲ್ಲಿ ಚರ್ಚೆಗೆ ತನ್ನಿ. ಮುಂದಿನ ಒಪ್ಪಂದದ ಸುದ್ದಿ ಬರುವ ಹೊತ್ತಿಗೆ ಅದರಲ್ಲಿ ಯಾರು ಎಷ್ಟು ಕೊಡುತ್ತಿದ್ದಾರೆ ಎಂಬ ಲೆಕ್ಕ ನಮ್ಮ ಕೈಯಲ್ಲಿರಬೇಕು.