ಅಮ್ಮನವರ ಸಹಕಾರ

ಪಾಸ್ಟರರ ಬೀಳ್ಕೊಡುಗೆ ಸಭೆಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ಅಯ್ಯನವರು ಎಷ್ಟು ಜನರಿಗೆ ದೀಕ್ಷಾಸ್ನಾನ ಕೊಟ್ಟರು, ಎಷ್ಟು ಹಳ್ಳಿ ತಿರುಗಿದರು, ಯಾವ ಚರ್ಚಿಗೆ ಸ್ಲ್ಯಾಬ್ ಹಾಕಿಸಿದರು ಎಂಬ ಲೆಕ್ಕವೆಲ್ಲ ಮುಗಿದ ಮೇಲೆ ಭಾಷಣ ಮಾಡುವವರು ಗಂಟಲು ಸರಿಮಾಡಿಕೊಂಡು, "ಅಮ್ಮನವರ ಸಹಕಾರವೂ ಇತ್ತು" ಎನ್ನುತ್ತಾರೆ. ಆಮೇಲೆ ಶಾಲು. ಅಯ್ಯನವರಿಗೆ ಶಾಲು, ಅಮ್ಮನವರಿಗೆ ಒಂದು ಕುಪ್ಪಸದ ಖಣ.

ಈ 'ಸಹಕಾರ' ಎಂಬ ಪದದ ಮೇಲೆ ನನಗೆ ಸಿಟ್ಟಿದೆ. ಸಹಕಾರ ಎಂದರೆ ಇನ್ನೊಬ್ಬರ ಕೆಲಸಕ್ಕೆ ಬಿಡುವಿದ್ದಾಗ ಕೈ ಹಚ್ಚುವುದು. ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಪಾಸ್ಟರಮ್ಮ ಎನ್ನಿಸಿಕೊಂಡವಳು ಮಾಡುವುದು ಅದಲ್ಲ. ಅವಳದು ಬೇರೆಯದೇ ಒಂದು ಕೆಲಸ. ಅದಕ್ಕೆ ಹೆಸರಿಲ್ಲ, ಸಂಬಳವಿಲ್ಲ, ರಜೆಯಿಲ್ಲ, ಒಲ್ಲೆ ಎನ್ನುವ ಹಕ್ಕಿಲ್ಲ. ನಾವು ಯಾವ ಸಂಸ್ಥೆಯಲ್ಲಿದ್ದೆವು ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಉಳಿದ ಸಂಸ್ಥೆಗಳವರು ಇದು ತಮಗಲ್ಲವೆಂದು ಹಾಯಾಗಿ ಮಲಗಿಬಿಡುತ್ತಾರೆ.

ಓದುತ್ತಿರುವ ನೀವು ಬ್ಯಾಂಕಿನವರ ಮನೆಯವರಿರಬಹುದು, ಮಾಸ್ತರರ ಮನೆಯವರಿರಬಹುದು. ವರ್ಗದ ಕಾಟ ನಿಮಗೂ ಗೊತ್ತು. ಸಾಮಾನು ಕಟ್ಟುವುದು, ಒಡೆದ ಗಡಿಗೆಗೆ ಮರುಗುವುದು, ಹೊಸ ಊರಿನಲ್ಲಿ ಹಾಲಿನವಳನ್ನು ಹುಡುಕುವುದು, ಇದೆಲ್ಲ ನಮಗೆ ನಿಮಗೆ ಸಮ. ಆದರೆ ಬ್ಯಾಂಕ್ ಮ್ಯಾನೇಜರರ ಹೆಂಡತಿ ಹೊಸ ಊರಿಗೆ ಹೋದ ಮರುದಿನವೇ ಕೌಂಟರಿನ ಹಿಂದೆ ಕೂತು ಡ್ರಾಫ್ಟು ಬರೆಯಬೇಕೆಂದು ಯಾರೂ ಬಯಸುವುದಿಲ್ಲ. ಬರೆಯದಿದ್ದರೆ "ಮೊದಲಿನ ಅಮ್ಮಾರು ಚೊಲೊ ಇದ್ರು, ಇವರು ಹೊರಗ ಬರೂದಿಲ್ಲ" ಎಂದು ಬಜಾರಿನಲ್ಲಿ ಮಾತು ಹಬ್ಬುವುದಿಲ್ಲ.

ನಾನು ಟಿ.ಸಿ.ಎಚ್. ಮುಗಿಸಿದವಳು. 1993ರಲ್ಲಿ ಮದುವೆಯಾಗಿ ಶಹಾಪುರಕ್ಕೆ ಬಂದೆ. ಬುದ್ಧ ಮಲಗಿದಂತೆ ಕಾಣುವ ಆ ಬೆಟ್ಟವನ್ನು ಮೊದಲ ಸಲ ಬಸ್ಸಿನ ಕಿಟಕಿಯಿಂದ ನೋಡಿ, ಇಂಥ ಊರಿನಲ್ಲಿ ಶಾಂತವಾಗಿ ಇರಬಹುದು ಅಂದುಕೊಂಡೆ. ಅಲ್ಲಿಂದ ಸುರಪುರ, ನಡುವೆ ಬೇರೆ ಊರುಗಳು, ಕೊನೆಗೆ ಯಾದಗಿರಿ. ಮೂವತ್ತು ವರ್ಷದಲ್ಲಿ ಒಂಬತ್ತು ಮನೆ. ದೊಡ್ಡ ಮಗ ಹತ್ತನೆಯ ಇಯತ್ತೆ ಮುಟ್ಟುವುದರೊಳಗೆ ಆರು ಶಾಲೆ. ಒಂದು ಸಲ ವರ್ಗದ ಆದೇಶ ಶಾಲೆ ಶುರುವಾಗಿ ಪುಸ್ತಕ ಕೊಂಡ ಮೇಲೆ ಬಂತು. ಎಲ್ಲಿಗೆ ಹೋಗುತ್ತೀರಿ ಎಂದು ನನ್ನನ್ನು ಕೇಳಿದವರಿಲ್ಲ. ಅವರನ್ನೂ ಕೇಳಿರಲಿಲ್ಲ ಅನ್ನಿ. ಆದರೆ ಅವರು ದುಡಿಯುತ್ತೇನೆಂದು ಪ್ರತಿಜ್ಞೆ ಮಾಡಿ ಸೇರಿದವರು. ನಾನು ಪ್ರತಿಜ್ಞೆ ಮಾಡಿದ್ದು ಮದುವೆಯಲ್ಲಿ, ಒಬ್ಬ ಮನುಷ್ಯನಿಗೆ, ಒಂದು ಕಮಿಟಿಗಲ್ಲ.

ಸಂಸ್ಥೆಯವರು ಅವರಿಗೆ ಒಂದು ಲೂನಾ ಕೊಟ್ಟಿದ್ದರು, ಪೆಟ್ರೋಲಿಗೆ ಬಿಲ್ಲು ಹಚ್ಚಬಹುದಿತ್ತು. ನಾನು ಕೂಸನ್ನು ಬಗಲಲ್ಲಿ ಎತ್ತಿಕೊಂಡು ಬಸ್ಸಿಗೆ ಹೋಗುತ್ತಿದ್ದೆ. ಬಸ್ಸು ಡಾಂಬರು ರಸ್ತೆಗೆ ಬಿಟ್ಟರೆ ಹಳ್ಳಿಗೆ ಮುಂದೆ ಎರಡು ಮೂರು ಮೈಲಿ ನಡೆಯುವುದು. ಮಳೆಗಾಲದಲ್ಲಿ ಕೃಷ್ಣೆಯ ಕಡೆಯ ಎರೆಮಣ್ಣು ಚಪ್ಪಲಿಗೆ ಹತ್ತಿ ಕಾಲು ಎತ್ತಲು ಬಾರದು, ಚಪ್ಪಲಿ ಕೈಗೆ ಬರುತ್ತಿತ್ತು. ನನ್ನ ಬಸ್ಸಿನ ಖರ್ಚನ್ನು ವರದಿಯ ಪುಸ್ತಕದಲ್ಲಿ ಎಲ್ಲಿ ಬರೆಯಬೇಕೆಂದು ಅವರು ಒಮ್ಮೆ ಕೇಳಿದ್ದರು. ಅದಕ್ಕೆ ಕಾಲಂ ಇಲ್ಲ, ಅಮ್ಮನವರು ತಾವಾಗಿ ಬರುತ್ತಾರಲ್ಲ, ಎಂಬ ಉತ್ತರ ಬಂತು.

ತಾವಾಗಿ! ನಾನು ಹೋಗದಿದ್ದರೆ ಆಗದ ಕೆಲಸವೇ ಅಲ್ಲಿ ಹೆಚ್ಚಿತ್ತು. ಅಯ್ಯನವರು ಅಂಗಳದ ಹೊರಸಿನ ಮೇಲೆ ಕೂತು ಪ್ರಾರ್ಥನೆ ಮಾಡಬಹುದು, ಒಳಕೋಣೆಗೆ ಬರಲಾಗದು. ಬಾಣಂತಿಗೆ ಮೂರು ದಿನದಿಂದ ಜ್ವರ ಬಿಟ್ಟಿಲ್ಲವೆಂಬುದು ಒಳಗೆ ಹೋದವಳಿಗೆ ಮಾತ್ರ ಗೊತ್ತಾಗುತ್ತದೆ. "ಮನ್ಯಾಗ ಎಲ್ಲಾ ಆರಾಮ ಇದ್ದೀರೇನವ್ವ?" ಎಂದು ಅವರು ಕೇಳಿದಾಗ ಹ್ಞೂಂ ಎಂದವಳು, ನಾನು ನೀರು ಕುಡಿಯಲು ಒಳಗೆ ಹೋದಾಗ ಸೆರಗು ಸರಿಸಿ ಬೆನ್ನು ತೋರಿಸಿದಳು. ಹನ್ನೆರಡು ವರ್ಷದ ಹುಡುಗಿಗೆ ಲಗ್ನ ಗೊತ್ತುಮಾಡಿದ್ದಾರೆ ಎಂಬುದನ್ನು ಆ ಹುಡುಗಿಯ ಅಕ್ಕ ರೊಟ್ಟಿ ಬಡಿಯುತ್ತ ನನ್ನ ಕಿವಿಯಲ್ಲಿ ಹೇಳಿದಳೇ ಹೊರತು ಸಭೆಯಲ್ಲಿ ಎದ್ದುನಿಂತು ಹೇಳಲಿಲ್ಲ. ಆ ಲಗ್ನ ನಿಂತಿತು. ಅದು ವರ್ಷದ ವರದಿಯಲ್ಲಿ ಒಂದು ಸಾಲಾಗಿ ಬಂತು, ಅಯ್ಯನವರ ಹೆಸರಿನಲ್ಲಿ.

ಇದು ಇಂದಿನದಲ್ಲ. ಕಿಟ್ಟೆಲ್ ಸಾಹೇಬರ ಹೆಸರು ಕನ್ನಡ ಓದಿದವರಿಗೆಲ್ಲ ಗೊತ್ತು. 1894ರಲ್ಲಿ ಬಂದ ಅವರ ನಿಘಂಟನ್ನು ಎಷ್ಟು ಹೊಗಳಿದರೂ ಸಾಲದು, ಬೆಂಗಳೂರಿನಲ್ಲಿ ಪ್ರತಿಮೆಯೂ ಇದೆ. ಅವರು 1860ರಲ್ಲಿ ಪೌಲಿನ್ ಐತ್ ಎಂಬವಳನ್ನು ಮದುವೆಯಾದರು, 1864ರಲ್ಲಿ ಆಕೆ ತೀರಿಕೊಂಡಳು, 1867ರಲ್ಲಿ ಆಕೆಯ ಸೋದರಿ ಜೂಲಿಯನ್ನು ಮದುವೆಯಾದರು ಎಂಬುದನ್ನು ಎಷ್ಟು ಜನ ಬಲ್ಲರು? ಬಾಸೆಲ್ ಮಿಶನ್ನಿನಲ್ಲಿ ಮದುವೆಗೇ ಕಮಿಟಿಯ ಅಪ್ಪಣೆ ಬೇಕಿತ್ತು. ಎಷ್ಟೋ ಹುಡುಗಿಯರು ತಾವು ಕಂಡರಿಯದ ವರನಿಗಾಗಿ ಹಡಗು ಹತ್ತಿ ಬಂದರು. ಮಕ್ಕಳಿಗೆ ಆರೇಳು ವರ್ಷವಾಯಿತೆಂದರೆ ಶಾಲೆಗೆಂದು ಯುರೋಪಿಗೆ ಕಳಿಸಬೇಕು. ಅದಕ್ಕೆಂದೇ 1850ರ ದಶಕದಲ್ಲಿ ಬಾಸೆಲ್ಲಿನಲ್ಲಿ ಮಕ್ಕಳ ಮನೆ ತೆರೆದರು. ತಲಶೇರಿಯಲ್ಲಿ 1842ರಲ್ಲಿ ಹುಟ್ಟಿದ ಮೇರಿ ಗುಂಡರ್ಟ್ ಇನ್ನೂ ಎಳೆಯ ಕೂಸಾಗಿದ್ದಾಗಲೇ ತಾಯಿತಂದೆಯಿಂದ ದೂರವಾದವಳು. ಅವಳ ಮಗ ಹರ್ಮನ್ ಹೆಸ್ಸೆ 1946ರಲ್ಲಿ ನೊಬೆಲ್ ಪಡೆದ. ತಂದೆ ಗುಂಡರ್ಟರ ಮಲಯಾಳಂ ನಿಘಂಟಿನ ಮಾತು ಎಲ್ಲರ ಬಾಯಲ್ಲಿದೆ. ಹುಡುಗಿಯರ ಶಾಲೆ ನಡೆಸುತ್ತ ತನ್ನ ಮಕ್ಕಳನ್ನು ಒಬ್ಬೊಬ್ಬರಾಗಿ ಹಡಗಿಗೆ ಹತ್ತಿಸಿದ ತಾಯಿ ಜೂಲಿಯ ಮಾತು ಎಲ್ಲಿದೆ?

ನಮ್ಮ ಈ ಸೀಮೆಯಲ್ಲಿ ನಿಜಾಮರ ಕಾಲದಿಂದ ಹೆಚ್ಚು ಬೇರು ಬಿಟ್ಟದ್ದು ಮೆಥಡಿಸ್ಟರ ಕೆಲಸ. ಯಾದಗಿರಿಯಲ್ಲಿ ಹೋಲ್‌ಸ್ಟನ್ ಆಸ್ಪತ್ರೆಯ ಹೆಸರು ಕೇಳದವರಿಲ್ಲ. ಬೋಧಕರು ಊರಿಂದೂರಿಗೆ ತಿರುಗುತ್ತಲೇ ಇರಬೇಕೆಂಬುದು ಆ ಪಂಥದ ಮೂಲದಲ್ಲೇ ಇದೆ. ಮೂಲಪುರುಷ ಜಾನ್ ವೆಸ್ಲಿ 1751ರಲ್ಲಿ ಮದುವೆಯಾದರು. ಮದುವೆಯಾದ ಮಾತ್ರಕ್ಕೆ ಬೋಧಕನಾದವನ ಒಂದು ಪ್ರಸಂಗವಾಗಲಿ ಒಂದು ದಿನದ ಪ್ರಯಾಣವಾಗಲಿ ಕಡಿಮೆಯಾಗಕೂಡದೆಂಬುದು ಅವರ ನಿಲುವು. ಆ ಸಂಸಾರ ನೆಟ್ಟಗಾಗಲಿಲ್ಲ, ಹೆಂಡತಿ ಬಿಟ್ಟುಹೋದಳು. ಅವಳನ್ನು ಗಯ್ಯಾಳಿ ಎಂದು ಬರೆದವರು ಬೇಕಾದಷ್ಟಿದ್ದಾರೆ. ಆ ನಿಲುವಿನಲ್ಲೇ ಏನೋ ಕಸರಿದೆ ಎಂದವರು ಕಡಿಮೆ.

1869ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮೆಥಡಿಸ್ಟ್ ಹೆಂಗಸರು ತಮ್ಮದೇ ಮಿಶನರಿ ಸಂಘ ಕಟ್ಟಿದರು. ಅದಕ್ಕೆ ಕಿಡಿ ಹಚ್ಚಿದವರು ಭಾರತದಿಂದ ಮರಳಿದ್ದ ಇಬ್ಬರು ಮಿಶನರಿಗಳ ಹೆಂಡಂದಿರು, ಶ್ರೀಮತಿ ಬಟ್ಲರ್ ಮತ್ತು ಶ್ರೀಮತಿ ಪಾರ್ಕರ್. ಆ ಸಂಘ ಕಳಿಸಿದ ಮೊದಲಿಗರಾದ ಇಸಬೆಲ್ಲಾ ಥೋಬರ್ನ್ ಲಖನೌದಲ್ಲಿ ಶಾಲೆ ತೆರೆದರು, ಕ್ಲಾರಾ ಸ್ವೇನ್ ಬರೇಲಿಯಲ್ಲಿ ಹೆಂಗಸರಿಗೆ ಔಷಧ ಕೊಟ್ಟರು. ಇಬ್ಬರೂ ಮದುವೆಯಾಗದವರು. ಅವರ ಹೆಸರು ಪಟ್ಟಿಯಲ್ಲಿತ್ತು, ಅವರಿಗೆ ಸಂಬಳವಿತ್ತು. ಅದೇ ಕೆಲಸವನ್ನು ಮಿಶನರಿಯ ಹೆಂಡತಿ ಮಾಡಿದರೆ ಅವಳಿಗೆ ಬೇರೆ ಸಂಬಳವಿಲ್ಲ. ಅಂದರೆ ಕೆಲಸ ಯಾವುದು, ಧರ್ಮ ಯಾವುದು ಎಂಬುದನ್ನು ತೀರ್ಮಾನಿಸಿದ್ದು ತಾಳಿಯೋ ಉಂಗುರವೋ ಆಯಿತಲ್ಲವೆ?

ನಾನು ಹೀಗೆ ಮಾತಾಡಿದಾಗಲೆಲ್ಲ ಹಿರಿಯರು ನನ್ನ ಬಾಯಿಗೆ ಬೈಬಲ್ ಹಿಡಿಯುತ್ತಾರೆ. ದೇವರ ಸೇವೆಗೆ ಕೂಲಿ ಕೇಳುತ್ತೀಯೇನಮ್ಮ, ಎನ್ನುತ್ತಾರೆ. ಬೈಬಲ್ ನಾನೂ ಓದಿದ್ದೇನೆ. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಶಿಷ್ಯರನ್ನು ಊರೂರಿಗೆ ಕಳಿಸುವಾಗ ಆಳಿನ ಕೂಲಿಯ ಮಾತನ್ನೇ ಎತ್ತುತ್ತಾರೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪೌಲನು ಪೇತ್ರ ತನ್ನ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ತಿರುಗುವುದನ್ನು ನೆನೆದು, ಅದನ್ನು ಬೋಧಕರ ಹಕ್ಕೆಂದು ವಾದಿಸುತ್ತಾನೆ. ಆ ಅಧ್ಯಾಯವಿರುವುದೇ ಬೋಧಕರ ಜೀವನಾಧಾರದ ಬಗ್ಗೆ. ಆ ಪೇತ್ರನ ಹೆಂಡತಿಯ ಹೆಸರು ಮಾತ್ರ ಎಲ್ಲೂ ಇಲ್ಲ. ಆ ಮನೆಯ ಇನ್ನೊಬ್ಬ ಹೆಣ್ಣು ಅವನ ಅತ್ತೆ. ಅವಳ ಬಗ್ಗೆ ಬರೆದಿರುವುದು ಇಷ್ಟೇ: ಜ್ವರ ಬಿಟ್ಟೊಡನೆ ಎದ್ದು ಬಂದವರಿಗೆ ಉಪಚಾರ ಮಾಡಿದಳು. ಈ ವಚನದ ಮೇಲೆ ಪ್ರಸಂಗ ಕೇಳಿ ಕೇಳಿ ನನಗೂ ಜ್ವರ ಬಂದದ್ದುಂಟು. ಪ್ರಿಸ್ಕಿಲ್ಲಳ ಮೇಲೆ ಅಷ್ಟು ಪ್ರಸಂಗ ಕೇಳಿಲ್ಲ. ಅವಳೂ ಗಂಡ ಅಕ್ವಿಲನೂ ಗುಡಾರ ಹೊಲಿದು ಹೊಟ್ಟೆ ಹೊರೆಯುತ್ತಿದ್ದರು, ಒಟ್ಟಿಗೆ ಊರು ಬದಲಿಸಿದರು, ಒಟ್ಟಿಗೆ ಬೋಧಿಸಿದರು. ಎಷ್ಟೋ ಕಡೆ ಅವಳ ಹೆಸರೇ ಮೊದಲು.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯದು, ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮ ಸಭೆಗಳ ಜನ ಯಾರು? ಹೆಚ್ಚಿನವರು ಕೇರಿಯ ಕೂಲಿಯವರು. ತೊಗರಿ, ಹತ್ತಿಯ ಸುಗ್ಗಿ ಮುಗಿಯುತ್ತಲೂ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗುವವರು. ಅವರ ಮಕ್ಕಳ ಶಾಲೆಯೂ ನಡುವೆ ತಪ್ಪುತ್ತದೆ. ಕೃಷ್ಣೆಯ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿಯಿಂದ 2014ರಲ್ಲಿ ತುಂಬು ಗರ್ಭಿಣಿಯೊಬ್ಬಳು ಹೆರಿಗೆಗಾಗಿ ಸೋರೆಬುರುಡೆ ಕಟ್ಟಿಕೊಂಡು ಪ್ರವಾಹ ಈಜಿ ದಾಟಿದ ಸೀಮೆ ಇದು. ಅಂಥವರ ಕಾಣಿಕೆಯ ದುಡ್ಡಿನಲ್ಲಿ ಪಾಸ್ಟರಮ್ಮನಿಗೂ ಸಂಬಳ ಕೊಡಬೇಕೆ? ಪತ್ರಾಸಿನ ಮನೆಯಲ್ಲಿರುವವರು ಸಿಮೆಂಟಿನ ಮನೆಯವಳ ಅಳಲು ಕೇಳಬೇಕೆ?

ನಾನು ಆ ದುಡ್ಡು ಕೇಳುತ್ತಿಲ್ಲ. ಆ ಹೆಂಗಸರು ನನಗೆ ಎಂದೂ ಸಾಲಗಾರರಲ್ಲ. ಗುಳೆ ಹೊರಟವಳು ಮಗ್ಗುಲಲ್ಲಿ ಕೂತು, "ನಮ್ಮದೂ ನಿಮ್ಮದೂ ಒಂದ ಹಣೆಬರಹ ನೋಡ್ರೀ ಅಮ್ಮಾರ, ಗಂಟು ಬಿಚ್ಚೂದ್ರಾಗ ಕಟ್ಟೂ ಹೊತ್ತು" ಎಂದಾಗ ಅವಳಲ್ಲಿ ಕಂಡ ಅನುಕಂಪ ಯಾವ ಕಮಿಟಿಯಲ್ಲೂ ಕಾಣಲಿಲ್ಲ. ನನ್ನ ತಕರಾರು ಲೆಕ್ಕ ಬರೆಯುವವರ ಜೊತೆ, ಆದೇಶ ಟೈಪು ಮಾಡುವವರ ಜೊತೆ. ಮೇ ತಿಂಗಳಲ್ಲಿ ಹೊರಡಿಸಬಹುದಾದ ವರ್ಗದ ಆದೇಶವನ್ನು ಜುಲೈವರೆಗೆ ಇಟ್ಟುಕೊಳ್ಳಲು ಬಡತನ ಕಾರಣವಲ್ಲ.

ಮನೆಯ ಮಾತು ಬಂದಿತಲ್ಲ, ಅದನ್ನು ಹೇಳಿಯೇ ಬಿಡುತ್ತೇನೆ. ಪಾಸ್ಟರರ ಮನೆ ಪಾಸ್ಟರರದಲ್ಲ. ಅವರಿರುವಷ್ಟು ದಿನ ಇರಬಹುದು. ನನಗೆ ತಿಳಿದ ಒಬ್ಬರು ಕೆಲಸದಲ್ಲಿದ್ದಾಗಲೇ ಹೃದಯಾಘಾತವಾಗಿ ತೀರಿಕೊಂಡರು. ಹೆಂಡತಿಗೆ ಆಗ ಐವತ್ತೂ ಆಗಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ಆಕೆ ಸ್ತ್ರೀಯರ ಸಂಘ ನಡೆಸಿದ್ದಳು, ಸಂಡೇಸ್ಕೂಲ್ ನಡೆಸಿದ್ದಳು, ಕನಿಷ್ಠ ನೂರು ಹೆರಿಗೆಗೆ ರಾತ್ರಿ ಎದ್ದು ಹೋಗಿದ್ದಳು. ಮಣ್ಣಿಗೆ ಬಂದ ಜನ ಬೀದಿ ತುಂಬಿದ್ದರು. ನಲವತ್ತು ದಿನವಾಗುವುದರೊಳಗೆ ಪತ್ರ ಬಂತು: ಹೊಸಬರು ಬರುವವರಿದ್ದಾರೆ, ಮನೆ ಖಾಲಿ ಮಾಡಿಕೊಡಬೇಕು. ಪತ್ರದ ಮೇಲೆ ವಿಳಾಸ 'ದಿವಂಗತ' ಎಂದು ಶುರುವಾಗಿ ಗಂಡನ ಹೆಸರು, ಕೆಳಗೆ 'ಕುಟುಂಬದವರು' ಎಂದಿತ್ತು. ಆಕೆ ಕಾಗದವನ್ನು ನನಗೆ ಕೊಟ್ಟು, "ಇದರಾಗ ನನ್ನ ಹೆಸರು ಎಲ್ಲ್ಯದ ನೋಡು" ಅಂದಳು. ತವರಿನಲ್ಲಿ ಅಣ್ಣನ ಮನೆಯ ಪಡಸಾಲೆಗೆ ಹೋದಳು. ಕೆಲಸ ಕೊಡಿ ಎಂದು ಕೇಳಿದರೆ ಅನುಭವದ ದಾಖಲೆ ಬೇಕೆಂದರು. ದಾಖಲೆ ಎಲ್ಲಿಂದ ಬರಬೇಕು? ಇಪ್ಪತ್ತನಾಲ್ಕು ವರ್ಷದ ವರದಿಗಳಲ್ಲಿ ಇದ್ದದ್ದು ಸಹಕಾರ.

ಆದ್ದರಿಂದ ನಾನು ಕೇಳುವುದು ದೊಡ್ಡದೇನಲ್ಲ. ಹೆಂಡತಿ ಕೆಲಸ ಮಾಡುತ್ತಾಳೋ ಇಲ್ಲವೋ ಎಂದು ಅವಳನ್ನೇ ಕೇಳಿ. ಮಾಡುತ್ತೇನೆ ಎಂದರೆ ಅವಳ ಹೆಸರಿನಲ್ಲಿ ಬರೆಯಿರಿ, ಕೈಲಾದಷ್ಟು ಕೊಡಿ, ಭವಿಷ್ಯನಿಧಿಯಲ್ಲಿ ಅವಳಿಗೂ ಒಂದು ಖಾತೆ ಇರಲಿ. ಒಲ್ಲೆ, ನಾನು ಶಾಲೆಯಲ್ಲಿ ಕಲಿಸುತ್ತೇನೆ ಎಂದರೆ ಅವಳನ್ನು ಅವಳ ಪಾಡಿಗೆ ಬಿಡಿ, ಗಂಡನ ಭಕ್ತಿಯನ್ನು ಅವಳ ಹಾಜರಿಯಿಂದ ಅಳೆಯಬೇಡಿ. ಗಂಡ ಸತ್ತರೆ ಒಂದು ವರ್ಷವಾದರೂ ಆ ಮನೆಯಲ್ಲಿರಲು ಕೊಡಿ.

ಬಸ್ಸಿನ ಖರ್ಚಿನ ಪ್ರಶ್ನೆಯನ್ನಂತೂ ಸರಕಾರವೇ ಬಗೆಹರಿಸಿಬಿಟ್ಟಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಕಂಡಕ್ಟರ್ ನನಗೆ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಡುತ್ತಾನೆ. ಎಲ್ಲಿಂದ ಎಲ್ಲಿಗೆ ಎಂಬುದು ಅದರಲ್ಲಿ ಇರುತ್ತದೆ. ದುಡ್ಡಿಲ್ಲದಿದ್ದರೂ ಟಿಕೆಟ್ ಯಾಕಪ್ಪ ಎಂದು ಒಮ್ಮೆ ಕೇಳಿದೆ. "ಲೆಕ್ಕಕ್ಕ ಬೇಕಲ್ರೀ ಅಕ್ಕಾರ, ನೀವು ಹೋಗಿದ್ದು" ಅಂದ.

ಹೋದ ವರ್ಷ ಸುರಪುರದ ಕಡೆ ಹೊಸದಾಗಿ ಬಂದ ಪಾಸ್ಟರರೊಬ್ಬರ ಹೆಂಡತಿ, ಇಪ್ಪತ್ತಾರರ ಹುಡುಗಿ, ಎರಡು ರೂಲ್ಡ್ ನೋಟಬುಕ್ ಕೊಂಡು ತಂದಿದ್ದಾಳೆ. ಒಂದರಲ್ಲಿ ತಾರೀಖು, ಹಳ್ಳಿ, ಮನೆ, ಹೋದ ಕಾರಣ ಬರೆಯುತ್ತಾಳೆ. ಇನ್ನೊಂದರಲ್ಲಿ ಕೈಯಿಂದ ಹಾಕಿದ ದುಡ್ಡು. ಮೊದಲನೆಯದರ ನಕಲನ್ನು ಗಂಡನ ವರದಿಯ ಜೊತೆ ಪಿನ್ ಹಚ್ಚಿ ಕಳಿಸಿದಳು. ಮೇಲಿನವರು ಪಿನ್ ಬಿಚ್ಚಿ ವಾಪಸು ಕಳಿಸಿದರು. ಈ ಸಲ ಅವಳು ಹೊಲಿದು ಕಳಿಸಿದ್ದಾಳೆ.