ಒಮ್ಮೆ ಪಡೆದರೆ ಪಡೆದಂತೆ

ಆಕ್ಷನ್ ರೋಲ್‌ಪ್ಲೇಯಿಂಗ್ ಗೇಮ್‌ಗಳಲ್ಲಿ ಪಾತ್ರಕ್ಕೆ ಬಲ ಬರುವುದು ಎರಡು ದಾರಿಯಿಂದ. ಕತ್ತಿ, ಕವಚ, ಉಂಗುರಗಳು ಕೊಡುವ ಬಲ ಅವು ಮೈಮೇಲೆ ಇರುವಷ್ಟು ಹೊತ್ತು ಮಾತ್ರ. ಇನ್ನೂ ಒಳ್ಳೆಯದು ಸಿಕ್ಕ ದಿನ ಹಳೆಯದು ಅಂಗಡಿಯ ಪಾಲು. ಎರಡನೆಯದು, ಕಥೆಯ ನಡುವೆ ಯಾರದೋ ಕೆಲಸ ಮಾಡಿಕೊಟ್ಟದ್ದಕ್ಕೆ ಸಿಗುವ ಶಾಶ್ವತ ಬಹುಮಾನ: ಒಂದಿಷ್ಟು ಜೀವಬಲ, ಬೆಂಕಿ, ಶೀತ, ಮಿಂಚುಗಳನ್ನು ತಾಳಿಕೊಳ್ಳುವ ಶಕ್ತಿ (ತಾಳಿಕೆ), ಕೌಶಲಗಳನ್ನು ಬೆಳೆಸಲು ಒಂದೆರಡು ಸ್ಕಿಲ್ ಪಾಯಿಂಟ್. ಇದು ಪಾತ್ರದ ಮೈಗೇ ಅಂಟಿಕೊಳ್ಳುತ್ತದೆ. ಮಾರುವ ಹಾಗಿಲ್ಲ, ಕಳೆದುಹೋಗುವುದೂ ಇಲ್ಲ. ಅಂಥ ಬಹುಮಾನಗಳಲ್ಲಿ ಒಂದನ್ನಷ್ಟೇ ಆರಿಸಿಕೊಳ್ಳಬೇಕಾಗಿ ಬಂದಾಗ ಆಟಗಾರರು ರಾಕ್ಷಸನೆದುರು ತೋರದ ಅಳುಕನ್ನು ತೋರುತ್ತಾರೆ.

ಈ ಪದ್ಧತಿಯನ್ನು ಮನೆಮಾತಾಗಿಸಿದ ಆಟ 2000ದಲ್ಲಿ ಬ್ಲಿಝಾರ್ಡ್ ನಾರ್ತ್ ಹೊರತಂದ ಡಯಾಬ್ಲೋ 2. ಅದರ ಬಹುಮಾನಗಳಲ್ಲಿ ಆಯ್ಕೆಗೆ ಅಷ್ಟೇನೂ ಜಾಗವಿರಲಿಲ್ಲ. ಮೊದಲ ಅಂಕದ ಗುಹೆಯನ್ನು ಬರಿದು ಮಾಡಿದರೆ ಒಂದು ಸ್ಕಿಲ್ ಪಾಯಿಂಟ್, ರಾಡಮೆಂಟ್‌ನನ್ನು ಕೊಂದರೆ ಇನ್ನೊಂದು, ಇಝುವಲ್‌ನನ್ನು ಮುಗಿಸಿದರೆ ಎರಡು. ಚಿನ್ನದ ಹಕ್ಕಿಯನ್ನು ತಲುಪಿಸಿದವರಿಗೆ 20 ಜೀವಬಲದ ಔಷಧ. 2001ರ ವಿಸ್ತರಣೆಯಲ್ಲಿ ಆನ್ಯಾಳನ್ನು ಬಿಡಿಸಿದವರಿಗೆ ಎಲ್ಲ ತಾಳಿಕೆಗೂ 10 ಹೆಚ್ಚಳ. ಮೂರು ಕಠಿಣತೆಗಳಲ್ಲೂ ಇವೆಲ್ಲ ಮರಳಿ ಸಿಗುತ್ತವೆ. ಅವುಗಳಲ್ಲಿ ಕೊನೆಯದಾದ ಹೆಲ್ ಮಟ್ಟದಲ್ಲಿ ಆಟವೇ ಪಾತ್ರದ ತಾಳಿಕೆಯಿಂದ 100 ಕಳೆದುಬಿಡುವುದರಿಂದ ಆನ್ಯಾಳ ಮೂರು ಸಲದ 30 ನಿಜಕ್ಕೂ ದೊಡ್ಡ ಮೊತ್ತ. ಚಿನ್ನದ ಹಕ್ಕಿಯ ಮೂರು ಸಲದ 60 ಜೀವಬಲ ಅದರ ಮುಂದೆ ಸಪ್ಪೆ. ಆಯ್ಕೆಯ ಸಂಕಟ ಇದ್ದದ್ದು ಪಾಯಿಂಟ್‌ಗಳನ್ನು ಎಲ್ಲಿ ಸುರಿಯುವುದು ಎಂಬಲ್ಲಿ. 99ನೇ ಲೆವೆಲ್ ಮುಟ್ಟಿದರೂ ಒಟ್ಟು ಸ್ಕಿಲ್ ಪಾಯಿಂಟ್ 110 ಮಾತ್ರ. ತಪ್ಪಿದರೆ ಹೊಸ ಪಾತ್ರ ಕಟ್ಟಿ ಮೊದಲಿನಿಂದ ಆಡುವುದೊಂದೇ ದಾರಿ. ಆ ಬಿಗಿ ಸಡಿಲವಾದದ್ದು 2010ರ ಪ್ಯಾಚ್‌ನಲ್ಲಿ, ಅಂದರೆ ಆಟ ಬಂದು ಹತ್ತು ವರ್ಷವಾದ ಮೇಲೆ.

ನಿಜವಾದ ಕವಲುದಾರಿಯನ್ನು ತಂದದ್ದು ನ್ಯೂಜಿಲೆಂಡಿನ ಗ್ರೈಂಡಿಂಗ್ ಗೇರ್ ಗೇಮ್ಸ್ 2013ರಲ್ಲಿ ಬಿಡುಗಡೆ ಮಾಡಿದ ಪಾತ್ ಆಫ್ ಎಕ್ಸೈಲ್. ಎರಡನೇ ಅಂಕದ ಕಾಡಿನಲ್ಲಿ ಓಕ್, ಕ್ರೈಟಿನ್, ಅಲೀರಾ ಎಂಬ ಮೂವರು ಡಕಾಯಿತರು. ಮುಂದಿನ ದಾರಿ ತೆರೆಯಲು ಬೇಕಾದ ತಾಯತದ ತುಂಡುಗಳು ಅವರ ಬಳಿ ಒಂದೊಂದಿವೆ. ಒಬ್ಬರ ಪಕ್ಷ ಹಿಡಿದು ಉಳಿದಿಬ್ಬರನ್ನು ಕೊಲ್ಲಬಹುದು. ಮೂವರನ್ನೂ ಕೊಂದು ಶಿಬಿರದ ಮುದುಕ ಎರಾಮಿರ್‌ನ ಕೈಗೆ ತುಂಡುಗಳನ್ನು ಒಪ್ಪಿಸಲೂಬಹುದು. ಮೊದಲ ವರ್ಷಗಳಲ್ಲಿ ಈ ನಿರ್ಧಾರ ಮೂರು ಕಠಿಣತೆಗಳಲ್ಲಿ ಮೂರು ಸಲ ಬರುತ್ತಿತ್ತು. 2017ರಲ್ಲಿ ಕಥೆ ಹತ್ತು ಅಂಕಗಳಿಗೆ ಬೆಳೆದು ಕಠಿಣತೆಗಳು ಹೋದಾಗ ಒಂದೇ ಸಲಕ್ಕೆ ಇಳಿಯಿತು. ಆ ಆವೃತ್ತಿಯಲ್ಲಿ ಓಕ್ ಕೊಡುತ್ತಿದ್ದದ್ದರಲ್ಲಿ ಮುಖ್ಯವಾದವು ಸೆಕೆಂಡಿಗೆ ಶೇ. 1ರಷ್ಟು ಜೀವಬಲದ ಚೇತರಿಕೆ ಮತ್ತು ಶೇ. 20ರಷ್ಟು ಹೆಚ್ಚಿನ ದೈಹಿಕ ಹೊಡೆತ. ಕ್ರೈಟಿನ್‌ನಿಂದ ದಾಳಿಯ ಮತ್ತು ಮಂತ್ರದ ವೇಗ ಶೇ. 6. ಅಲೀರಾಳಿಂದ ಮೂರೂ ಧಾತುಗಳ ತಾಳಿಕೆ 15, ಜೊತೆಗೆ ಕ್ರಿಟಿಕಲ್ ಹೊಡೆತದ (ಆಗಾಗ ಬೀಳುವ ಜೋರು ಪೆಟ್ಟಿನ) ಗುಣಕ 20. ಮೂವರನ್ನೂ ಕೊಂದರೆ ಎರಡು ಪ್ಯಾಸಿವ್ ಪಾಯಿಂಟ್.

ಹೊಸಬರ ಕಣ್ಣು ಮೊದಲು ಬೀಳುವುದು ಓಕ್‌ನ 20ರ ಮೇಲೆ. ಅಂಕಿ ದೊಡ್ಡದು ನಿಜ, ಆದರೆ ಅದನ್ನು ಕೂಡಿಸುವ ಕ್ರಮ ಬೇರೆ. ಈ ಆಟದಲ್ಲಿ ‘ಇನ್‌ಕ್ರೀಸ್ಡ್’ ಎಂಬ ಹಣೆಪಟ್ಟಿ ಹೊತ್ತ ಹೆಚ್ಚಳಗಳೆಲ್ಲ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆಗಳು ಮೂಲವೇತನದ ಮೇಲೆಯೇ ಲೆಕ್ಕವಾಗುವಂತೆ, ಮೂಲ ಹೊಡೆತದ ಮೇಲೆ ಮಾತ್ರ ಲೆಕ್ಕವಾಗುತ್ತವೆ. ಒಂದರ ಮೇಲೊಂದು ಬಡ್ಡಿ ಬೆಳೆಯುವುದಿಲ್ಲ. ಆಟದ ಕೊನೆಯ ಹಂತದಲ್ಲಿ ಪಾತ್ರದ ಬಳಿ ಇಂಥ ಹೆಚ್ಚಳ ಆಗಲೇ ಶೇ. 400 ಇದ್ದರೆ ಹೊಡೆತ ಮೂಲದ ಐದು ಪಟ್ಟು. ಓಕ್‌ನ 20 ಸೇರಿದರೆ 5.2 ಪಟ್ಟು. ನಿಜವಾದ ಲಾಭ ಶೇ. 4. ‘ಮೋರ್’ ಎಂದು ಗುರುತಿಸಿದ ಹೆಚ್ಚಳವಾದರೆ ಒಟ್ಟು ಮೊತ್ತವನ್ನೇ ಗುಣಿಸುತ್ತದೆ, ಅದಕ್ಕೆ ಈ ಸವಕಲು ಇಲ್ಲ. ಎರಡು ಇಂಗ್ಲಿಷ್ ಪದಗಳ ನಡುವಿನ ಇಷ್ಟು ದೊಡ್ಡ ಅಂತರವನ್ನು ಆಟ ಎಲ್ಲೂ ಕೂರಿಸಿ ಹೇಳಿಕೊಡುವುದಿಲ್ಲ ಎಂಬುದು ಅದರ ಹಳೆಯ ಹಟಗಳಲ್ಲೊಂದು.

ತಾಳಿಕೆಯ ಗಣಿತ ಇದಕ್ಕೆ ತದ್ವಿರುದ್ಧ. ಸೊನ್ನೆಯಿಂದ 10ಕ್ಕೆ ಏರಿದರೆ ಬೀಳುವ ಪೆಟ್ಟು ಹತ್ತನೇ ಒಂದರಷ್ಟು ತಗ್ಗುತ್ತದೆ. 65ರಿಂದ 75ಕ್ಕೆ ಏರಿದರೆ ನೂರರಲ್ಲಿ 35 ಬೀಳುತ್ತಿದ್ದುದು 25ಕ್ಕೆ ಇಳಿಯುತ್ತದೆ, ಅಂದರೆ ಕಾಲು ಭಾಗಕ್ಕಿಂತ ಹೆಚ್ಚು ಉಳಿತಾಯ. ಅದೇ ಹತ್ತು ಅಂಶ, ಮೇಲೆ ಹೋದಷ್ಟೂ ಬೆಲೆ ಹೆಚ್ಚು. ಸಾಮಾನ್ಯ ಮಿತಿಯಾದ 75 ಮುಟ್ಟಿದ ಮೇಲೆ ಮಾತ್ರ ನೇರ ಲಾಭವಿಲ್ಲ. ಐದನೇ ಅಂಕದ ಕೊನೆಗೆ 30, ಹತ್ತನೆಯದರ ಕೊನೆಗೆ ಮತ್ತೆ 30 ತಾಳಿಕೆಯನ್ನು ಆಟವೇ ಕಿತ್ತುಕೊಳ್ಳುವುದರಿಂದ ಒಳ್ಳೆಯ ಉಂಗುರ, ಕವಚ ಕೊಳ್ಳುವ ಶಕ್ತಿಯಿಲ್ಲದ ಹೊಸಬರಿಗೆ ಅಲೀರಾಳ 15 ಹಲವು ರಾತ್ರಿಗಳ ಸಾವನ್ನು ತಪ್ಪಿಸಿದೆ. ಕೈಯಲ್ಲಿ ಸಿರಿ ಇರುವ ಹಳಬರಿಗೆ ತಾಳಿಕೆ ಉಡುಪಿನಿಂದಲೇ ತುಂಬುತ್ತದೆ. ಅವರಲ್ಲಿ ಅಲೀರಾಳ ಕಡೆ ಹೋಗುವವರು ಹೆಚ್ಚಾಗಿ ಕ್ರಿಟಿಕಲ್ ಗುಣಕವನ್ನು ನೋಡಿ ಹೋದವರು.

ಎರಡು ಪಾಯಿಂಟ್‌ಗಳ ಬೆಲೆ ಕಟ್ಟುವುದು ಇನ್ನೂ ಕಷ್ಟ. ಆ ಪಾಯಿಂಟ್‌ಗಳು ಖರ್ಚಾಗುವ ಪ್ಯಾಸಿವ್ ಮರದಲ್ಲಿ, ಅಂದರೆ ಪಾತ್ರದ ಕಾಯಂ ಗುಣಗಳ ನಕ್ಷೆಯಲ್ಲಿ, ಸಾವಿರಕ್ಕೂ ಹೆಚ್ಚು ಗಂಟುಗಳಿವೆ. 100ನೇ ಲೆವೆಲ್‌ನ ಪಾತ್ರವೂ ಮುಟ್ಟಬಲ್ಲದ್ದು ಹೆಚ್ಚೆಂದರೆ 120ರ ಆಸುಪಾಸು. ಆ ಎರಡು ಪಾಯಿಂಟ್ ಬರೀ ದಾರಿಯ ಗಂಟುಗಳಿಗೆ ಖರ್ಚಾದರೆ ಹತ್ತೋ ಇಪ್ಪತ್ತೋ ಬಲ, ಅಷ್ಟೇ. ಒಂದು ದೊಡ್ಡ ಗಂಟನ್ನು ಮುಟ್ಟಿಸಿದರೆ ಬಿಲ್ಡ್‌ನ, ಅಂದರೆ ಪಾತ್ರವನ್ನು ಕಟ್ಟಿದ ಬಗೆಯ, ಸ್ವರೂಪವೇ ಬದಲಾಗಬಹುದು. ಲೆವೆಲ್ 95 ದಾಟಿದ ಮೇಲೆ ಒಂದೊಂದು ಮೆಟ್ಟಿಲಿಗೂ ಗಂಟೆಗಟ್ಟಲೆ ಆಡಬೇಕು, ಒಂದು ಸಾವಿಗೆ ಆ ಲೆವೆಲ್‌ಗೆ ಬೇಕಾದ ಅನುಭವದ ಹತ್ತನೇ ಒಂದು ಭಾಗ ಹೋಗುತ್ತದೆ. ಅಲ್ಲಿ ಪುಕ್ಕಟೆ ಬಂದ ಎರಡು ಪಾಯಿಂಟ್ ಎರಡು ಲೆವೆಲ್‌ಗಳ ಬೆವರಿಗೆ ಸಮ. ಬಹುತೇಕ ಬಿಲ್ಡ್ ಮಾರ್ಗದರ್ಶಿಗಳು ಮೂವರನ್ನೂ ಕೊಲ್ಲಲು ಹೇಳುತ್ತಿದ್ದುದಕ್ಕೆ ಕಾರಣ ಇದು. ಉಡುಪು ಕೊಡಬಲ್ಲದ್ದನ್ನು ಬಹುಮಾನವಾಗಿ ಪಡೆಯುವುದು ತಾತ್ಕಾಲಿಕ ಅನುಕೂಲ. ಪಾಯಿಂಟ್‌ಗಳನ್ನು ಉಡುಪಿನ ಅಂಗಡಿಯಲ್ಲಿ ಕೊಳ್ಳಲಾಗದು.

ಇಷ್ಟೆಲ್ಲ ಲೆಕ್ಕ ಹಾಕಿದ ಆಯ್ಕೆ ಪೂರ್ತಿ ಶಾಶ್ವತವೂ ಅಲ್ಲ. ಇಪ್ಪತ್ತು ‘ಆರ್ಬ್ ಆಫ್ ರಿಗ್ರೆಟ್’ಗಳನ್ನು (ಪಶ್ಚಾತ್ತಾಪದ ಗೋಳಗಳನ್ನು) ತಕ್ಕ ತಾಯತದ ಜೊತೆ ವ್ಯಾಪಾರಿಗೆ ಕೊಟ್ಟು ಪಕ್ಷ ಬದಲಿಸುವ ದಾರಿ ಈ ಆಟದಲ್ಲಿ ಬಂತು. ಪಶ್ಚಾತ್ತಾಪಕ್ಕೆ ಬೆಲೆಪಟ್ಟಿ ಅಂಟಿಸಿದ್ದು ಜಾಣತನವೇ ಸರಿ: ಬದಲಾವಣೆ ಸಾಧ್ಯ, ಆದರೆ ದಿನಕ್ಕೊಂದು ಸಲ ಮನಸ್ಸು ಬದಲಿಸುವಷ್ಟು ಅಗ್ಗವಲ್ಲ. ಇನ್ನೊಂದು ಆಟವಾದ ಎಲ್ಡನ್ ರಿಂಗ್‌ನಲ್ಲಿ ರೆನ್ನಾಲಾ ಎಂಬವಳು ಪಾತ್ರಕ್ಕೆ ಮರುಹುಟ್ಟು ಕೊಡುತ್ತಾಳೆ. ಅದಕ್ಕೆ ಬೇಕಾದ ಲಾರ್ವಲ್ ಟಿಯರ್‌ಗಳು ಮಾತ್ರ ಎಣಿಕೆಯಷ್ಟೇ ಇವೆ. ಎಲ್ಲವನ್ನೂ ಪುಕ್ಕಟೆ ಬದಲಿಸಲು ಬಿಟ್ಟ 2012ರ ಡಯಾಬ್ಲೋ 3ರಲ್ಲಿ ಒಂದು ಪಾತ್ರಕ್ಕೂ ಇನ್ನೊಂದಕ್ಕೂ ಗುರುತು ಉಳಿಯಲಿಲ್ಲ ಎಂಬ ದೂರಿನಲ್ಲಿ ಹುರುಳಿದೆ.

ಒಂದೇ ಸಾವಿಗೆ ಪಾತ್ರ ಮುಗಿಯುವ ಹಾರ್ಡ್‌ಕೋರ್ ಆಟದಲ್ಲಿ ಈ ತೂಕವೆಲ್ಲ ರಕ್ಷಣೆಯ ಕಡೆಗೇ ವಾಲುತ್ತದೆ. ಅಲ್ಲಿ ಹೊಡೆತದ ಶೇ. 4ಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಆಯ್ಕೆಯೇ ಇಲ್ಲದ ಬಹುಮಾನಗಳ ವಿಷಯ ಚಿಕ್ಕದು, ಆದರೆ ಹೆಚ್ಚು ನಷ್ಟವಾಗುವುದು ಅಲ್ಲೇ. ಡಿಸೆಂಬರ್ 2024ರಲ್ಲಿ ಆರಂಭಿಕ ರೂಪದಲ್ಲಿ ಬಂದ ಪಾತ್ ಆಫ್ ಎಕ್ಸೈಲ್ 2ರ ಮೊದಲ ಅಂಕದಲ್ಲೇ ಬೆಯಿರಾಳನ್ನು ಕೊಂದರೆ ಶೀತದ ತಾಳಿಕೆ 10, ಫ್ರೇಥಾರ್ನ್‌ನ ಮಂಜಿನ ರಾಜನಿಂದ ಸದಾ ಚಾಲ್ತಿಯಲ್ಲಿರುವ ಕೌಶಲಗಳಿಗೆ ಮೀಸಲಾಗುವ 30 ಸ್ಪಿರಿಟ್. ಎರಡೂ ಮುಖ್ಯ ದಾರಿಯ ಪಕ್ಕದವು, ಅವಸರದಲ್ಲಿ ದಾಟಿಹೋಗುವಂಥವು. ಮೊದಲ ಆಟದಲ್ಲೂ ಡಕಾಯಿತರ ಎರಡು ಪಾಯಿಂಟ್‌ಗಾಗಿ ಗಂಟೆಗಟ್ಟಲೆ ಚರ್ಚಿಸಿದವರು ಪಕ್ಕದ ಕ್ವೆಸ್ಟ್‌ಗಳ ಎರಡು ಮೂರು ಪಾಯಿಂಟ್‌ಗಳನ್ನು ಪಡೆಯದೆಯೇ ಕೊನೆ ಮುಟ್ಟಿರುವುದುಂಟು. ಅಲ್ಲಿ ಚಾಟ್ ಪೆಟ್ಟಿಗೆಯಲ್ಲಿ ಓರೆಗೆರೆ ಹಾಕಿ ‘ಪ್ಯಾಸಿವ್ಸ್’ ಎಂದು ಟೈಪ್ ಮಾಡಿದರೆ ಯಾವ ಕ್ವೆಸ್ಟ್‌ನಿಂದ ಎಷ್ಟು ಪಾಯಿಂಟ್ ಬಂದಿದೆ ಎಂಬ ಪಟ್ಟಿ ಬರುತ್ತದೆ. ಡಕಾಯಿತರ ಬಗ್ಗೆ ಯೋಚಿಸುವ ಮುನ್ನ ಆ ಪಟ್ಟಿಯನ್ನು ನೋಡುವುದು ಲೇಸು.