ಲೆಕ್ಕ ಹೇಳದ ವಾಗ್ದಾನ

ತೆರಿಗೆ ಇಳಿಸುತ್ತೇವೆಂದು ಓಟು ಕೇಳಲು ಬಂದವರನ್ನು ನಾವು ಕೇಳುವುದು ಒಂದೇ: ಬೊಕ್ಕಸದಲ್ಲಿ ಕಡಮೆಯಾಗುವ ಹಣಕ್ಕೆ ಯಾವ ಶಾಲೆ, ಯಾವ ಆಸ್ಪತ್ರೆ ತೆರಬೇಕು?

2024ರ ಜುಲೈ 4ರ ಬ್ರಿಟನ್ನಿನ ಚುನಾವಣೆಯನ್ನು ನೋಡಿರಿ. ಕನ್ಸರ್ವೇಟಿವರು ವರ್ಷಕ್ಕೆ ಸುಮಾರು 1,700 ಕೋಟಿ ಪೌಂಡಿನ ತೆರಿಗೆ ಇಳಿಕೆಯ ಆಸೆ ತೋರಿಸಿದರು. ಅದರಲ್ಲಿ 1,200 ಕೋಟಿಯನ್ನು ಕಾಯಿಲೆಯವರಿಗೆ, ಕೆಲಸವಿಲ್ಲದವರಿಗೆ ಕೊಡುವ ನೆರವಿನಲ್ಲಿ ಉಳಿಸುವರಂತೆ! ಯಾರ ಪಾಲು ಎಷ್ಟು ಹೋಗುವುದೆಂಬ ಪೂರ್ತಿ ಲೆಕ್ಕ ಮತದಾರನಿಗೆ ಸಿಗಲಿಲ್ಲ. 2022ರಲ್ಲಿ ಅದೇ ಪಕ್ಷದ ಪ್ರಧಾನಿ ಲಿಜ್ ಟ್ರಸ್ 4,500 ಕೋಟಿ ಪೌಂಡಿನ ತೆರಿಗೆ ಬಿಡಲು ಹೊರಟು, ಪೌಂಡು ಕುಸಿದು, ಮನೆಸಾಲದ ಬಡ್ಡಿ ಏರಿ, ಏಳೇ ವಾರದಲ್ಲಿ ಕುರ್ಚಿ ಬಿಟ್ಟಿದ್ದರು. ಪಾಠ ಕಲಿತವರು ಯಾರು?

ಸಮಾಜವಾದಿಗಳಾದ ನಮಗೆ ಹೆಚ್ಚು ನೋವಾದದ್ದು ಲೇಬರ್ ಪಕ್ಷದ ನಡೆ. ಆದಾಯ ತೆರಿಗೆಯ ಯಾವ ದರವನ್ನೂ, ಸಾಹುಕಾರನು ಕೊಡುವ ಮೇಲ್ದರವನ್ನು ಸಹ, ಏರಿಸುವುದಿಲ್ಲವೆಂದು ಅದು ಮಾತು ಕೊಟ್ಟಿತು. ಎರಡೂ ಪಕ್ಷಗಳು ಮುಂದಿನ ಕಡಿತಗಳ ಬಗ್ಗೆ ಬಾಯಿ ಬಿಡುತ್ತಿಲ್ಲವೆಂದು ಅಲ್ಲಿನ ಹಣಕಾಸು ಅಧ್ಯಯನ ಸಂಸ್ಥೆ ಚುನಾವಣೆಗೆ ಮೊದಲೇ ಎಚ್ಚರಿಸಿತ್ತು. ತೆರಿಗೆ ಯಾರು ಕೊಡಬೇಕೆಂಬ ಪ್ರಶ್ನೆಯನ್ನು ಮುಚ್ಚಿಟ್ಟರೆ, ಸರ್ಕಾರವನ್ನೇ ನೆಚ್ಚಿದ ಬಡವನ ಮೇಲೆ ಭಾರ ಬೀಳುತ್ತದೆ. ಬಿದ್ದದ್ದೂ ಹಾಗೆಯೇ. ಗೆದ್ದು ತಿಂಗಳು ತುಂಬುವ ಮೊದಲೇ, ಜುಲೈ 29ರಂದು, ವೃದ್ಧರಿಗೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಕೊಡುತ್ತಿದ್ದ 200-300 ಪೌಂಡು ಕಡುಬಡವರಿಗೆ ಮಾತ್ರವೆಂದು ಸಾರಿದರು. ಪ್ರಣಾಳಿಕೆಯಲ್ಲಿ ಇದರ ಸುಳಿವೇ ಇರಲಿಲ್ಲ. ಇಂಗ್ಲೆಂಡ್, ವೇಲ್ಸುಗಳಲ್ಲಿ ಸುಮಾರು ಒಂದು ಕೋಟಿ ವೃದ್ಧರು ಅದನ್ನು ಕಳೆದುಕೊಂಡರು. ಕೂಗೆದ್ದ ಮೇಲೆ, 2025ರ ಜೂನಿನಲ್ಲಿ, ಬಹುಪಾಲು ಮಂದಿಗೆ ಮರಳಿಸುವೆವೆಂದರು. ಅಷ್ಟರಲ್ಲಿ ಒಂದು ಚಳಿಗಾಲ ಕಳೆದುಹೋಗಿತ್ತು.